ಕೆಡುವುದಿದ್ದರೂ ಹೇಳಿ ಕೆಡಬೇಕು: ನಾನು ಕಾರು ಆರಿಸಿದ ಬಗೆ

ದಾವಣಗೆರೆ, ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆಯ ರೈಸ್ ಮಿಲ್ಲುಗಳ ಯಂತ್ರ ರಿಪೇರಿ ನನ್ನ ಕಸುಬು. ಭದ್ರಾ ನಾಲೆಯ ಈ ಸೀಮೆಯಲ್ಲಿ ಭತ್ತ ಬಂದ ಮೇಲೆ ಮಿಲ್ಲು ನಿಲ್ಲುವ ಹಾಗಿಲ್ಲ. ನಿಂತರೆ ನನಗೆ ಫೋನು ಬರುತ್ತದೆ, ಡಿಕ್ಕಿಯಲ್ಲಿ ಸ್ಪ್ಯಾನರ್ ಸೆಟ್ಟು, ಪುಲ್ಲರ್, ನಾಲ್ಕಾರು ಬೇರಿಂಗು ಹಾಕಿಕೊಂಡು ಹೊರಡುತ್ತೇನೆ. ಹಾಗಾಗಿ ಗಾಡಿ ಕೈಕೊಡಬಾರದು. ಅದರ ಜೊತೆಗೆ ಇನ್ನೊಂದನ್ನೂ ನೇರವಾಗಿ ಹೇಳುತ್ತೇನೆ: ನನಗೆ ಗಾಡಿ ಓಡಿಸುವುದೆಂದರೆ ಪ್ರೀತಿ. ಸಂತೇಬೆನ್ನೂರು ದಾಟಿ ಸೂಳೆಕೆರೆ ಬದಿಯ ಗುಡ್ಡದ ತಿರುವುಗಳಿಗೆ ಬಂದಾಗ ಸ್ಟೇರಿಂಗು ಕೈಗೆ ಏನೂ ಹೇಳದಿದ್ದರೆ ಆ ದಿನದ ಅರ್ಧ ಖುಷಿ ಹೋದಂತೆಯೇ. ಗಾಡಿ ಬದಲಿಸುವ ಕಾಲ ಬಂದಾಗ ಮನೆಯವರು, ಸ್ನೇಹಿತರು ಎಲ್ಲರೂ ಒಂದೇ ಮಾತು ಹೇಳಿದರು, ಎರಡರಲ್ಲಿ ಒಂದನ್ನು ಬಿಡಬೇಕು ಅಂತ. ನಾನು ಯಾವುದನ್ನೂ ಬಿಡದೆ ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂಬಿಕೆಯ ಗಾಡಿ ಅಂದರೆ ಅಪರೂಪಕ್ಕೆ ಕೆಡುವ ಗಾಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಿಲ್ಲಿನ ಕೆಲಸ ನನಗೆ ಬೇರೆ ಅಳತೆ ಕಲಿಸಿದೆ. ಭತ್ತದ ಸಿಪ್ಪೆ ಸುಲಿಯುವ ಶೆಲ್ಲರಿನ ರಬ್ಬರ್ ರೋಲು ಸವೆಯುತ್ತದೆ, ಸವೆದಂತೆ ಭತ್ತ ಸುಲಿಯದೆ ಉಳಿಯುವುದು ಹೆಚ್ಚುತ್ತದೆ, ಕಣ್ಣಿಗೆ ಕಾಣುತ್ತದೆ. ಬೆಲ್ಟು ಸಡಿಲಾದರೆ ಕಿರುಚುತ್ತದೆ. ಬೇರಿಂಗಂತೂ ಕೆಡುವ ಮುಂಚೆ ಎಷ್ಟೋ ದಿನ ಹೇಳುತ್ತಲೇ ಇರುತ್ತದೆ. ಹೌಸಿಂಗ್ ಮೇಲೆ ಅಂಗೈ ಇಟ್ಟರೆ ಬಿಸಿಯಲ್ಲೇ ತಿಳಿಯುತ್ತದೆ. ಇವೆಲ್ಲ ಪದೇಪದೇ ಕೆಡುವ ಸಾಮಾನುಗಳು. ಆದರೂ ಇವುಗಳಿಂದ ಮಿಲ್ಲು ದಿನಗಟ್ಟಲೆ ನಿಂತದ್ದನ್ನು ನಾನು ನೋಡಿಲ್ಲ. ಅದೇ ಬಣ್ಣ ನೋಡಿ ಕೆಟ್ಟ ಅಕ್ಕಿ ಬೇರ್ಪಡಿಸುವ ಕಲರ್ ಸಾರ್ಟರ್ ನೋಡಿ. ಕೆಡುವುದೇ ಕಡಿಮೆ. ಆದರೆ ಒಳಗಿನ ಎಲೆಕ್ಟ್ರಾನಿಕ್ ಕಾರ್ಡು ಹೋಯಿತೆಂದರೆ ಒಂದು ಮಾತೂ ಹೇಳದೆ ನಿಲ್ಲುತ್ತದೆ, ಕಾರ್ಡು ಬೇರೆ ಊರಿಗೆ ಹೋಗಿ ಬರಬೇಕು, ಅಲ್ಲಿಯವರೆಗೆ ಮಾಲೀಕರು ಕುರ್ಚಿ ಹಾಕಿಕೊಂಡು ಕೂರಬೇಕು.

ಅದಕ್ಕೇ ಕಾರಿನ ವಿಷಯದಲ್ಲಿ ಒಂದೊಂದು ಭಾಗಕ್ಕೂ ಮೂರು ಪ್ರಶ್ನೆ ಕೇಳಿದೆ. ಕೆಡುವ ಮುಂಚೆ ಇದು ಹೇಳುತ್ತದೆಯೇ? ಹೇಳಿದರೆ ನಮ್ಮೂರಿನ ಮಿಸ್ತ್ರಿಗೆ ಅರ್ಥವಾಗುತ್ತದೆಯೇ? ಅರ್ಥವಾದರೆ ಸಾಮಾನು ಸಂಜೆಯೊಳಗೆ ಇಲ್ಲಿ ಸಿಗುತ್ತದೆಯೇ?

ಹೀಗೆ ಕೇಳುತ್ತ ಹೋದರೆ ಕಾರು ಎರಡು ರಾಶಿಯಾಗಿ ಬೀಳುತ್ತದೆ: ಹೇಳಿ ಕೆಡುವುದು, ಹೇಳದೆ ಕೆಡುವುದು. ಕ್ಲಚ್ ಪ್ಲೇಟು ಜಾರಿ ಹೇಳುತ್ತದೆ. ಬ್ರೇಕ್ ಪ್ಯಾಡು ಕೀರಲು ದನಿಯಲ್ಲಿ ಹೇಳುತ್ತದೆ. ಚಕ್ರದ ಬೇರಿಂಗು ಗುಂಯ್‌ಗುಟ್ಟುತ್ತದೆ, ಶಾಕ್ ಅಬ್ಸಾರ್ಬರು ಎಣ್ಣೆ ಸೋರಿಸುತ್ತದೆ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನು ಸಡಿಲಾದರೆ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದೊಡನೆ ಗಲಗಲ ಅನ್ನುತ್ತದೆ. ಕೆಲವು ಎಂಜಿನ್ನುಗಳಲ್ಲಿ ಚೈನಿನ ಬದಲು ಇರುವ ಟೈಮಿಂಗ್ ಬೆಲ್ಟು ಹಾಗಲ್ಲ. ಅದು ಸುಮ್ಮನಿದ್ದು ಒಂದು ದಿನ ಹರಿಯುತ್ತದೆ, ಹರಿದರೆ ಹೆಚ್ಚಿನ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಹೇಳಿದ ಕಿಲೋಮೀಟರಿಗೆ ಬದಲಿಸಿದರೆ ಭಯವಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹಿಂದಿನ ಮಾಲೀಕರು ಬದಲಿಸಿದರೋ ಇಲ್ಲವೋ ಅನ್ನುವುದಕ್ಕೆ ಬಿಲ್ಲೇ ಸಾಕ್ಷಿ, ಬಾಯಿಮಾತು ಸಾಕಾಗದು.

ಡೀಸೆಲ್ ನಾನು ಮೊದಲೇ ಬಿಟ್ಟೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರು ಕೂತಿದೆ. ಆ ಮಸಿ ಸುಟ್ಟುಹೋಗಬೇಕಾದರೆ ಫಿಲ್ಟರು ಚೆನ್ನಾಗಿ ಬಿಸಿಯಾಗಬೇಕು, ಅದಕ್ಕೆ ಹೈವೇ ಮೇಲೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ನನ್ನ ಓಡಾಟ ವಿದ್ಯಾನಗರದಿಂದ ಎಪಿಎಂಸಿ, ಅಲ್ಲಿಂದ ಹರಿಹರ, ಮಧ್ಯೆ ಮಧ್ಯೆ ನಿಲ್ಲುವುದು. ಬೆಂಗಳೂರು–ಹುಬ್ಬಳ್ಳಿ ನಡುವೆ ದಿನವೂ ಓಡುವವರಿಗೆ ಡೀಸೆಲ್ ಈಗಲೂ ಒಳ್ಳೆಯ ಗಾಡಿಯೇ.

ಕೊನೆಗೆ ಕಣದಲ್ಲಿ ಉಳಿದದ್ದು ಮೂರು, ಮೂರೂ ಪೆಟ್ರೋಲ್, ಮೂರೂ ಸೆಕೆಂಡ್ ಹ್ಯಾಂಡ್: ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ನಾಲ್ಕನೇ ತಲೆಮಾರಿನ ಹೋಂಡಾ ಸಿಟಿ ಮ್ಯಾನುಯಲ್, ಮತ್ತು 2021ರ ನಂತರದ ನಾಲ್ಕು ಸಿಲಿಂಡರಿನ ಸ್ವಿಫ್ಟ್ ಮ್ಯಾನುಯಲ್.

ಪೋಲೋ ಓಡಿಸಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1.2 ಲೀಟರಿನ ಸಣ್ಣ ಎಂಜಿನ್ನು, ಗಾಳಿ ಒತ್ತಿ ತುಂಬುವ ಟರ್ಬೋ ಇರುವುದರಿಂದ 175 ನ್ಯೂಟನ್ ಮೀಟರ್ ಟಾರ್ಕು, ಅಂದರೆ ತಿರುಗಿಸುವ ಬಲ, 1,500 ಆರ್‌ಪಿಎಂಗೇ ಕೈಗೆ ಸಿಗುತ್ತದೆ. ಎರಡು ಕ್ಲಚ್ಚಿನ ಏಳು ಗೇರಿನ ಡಬ್ಬ ಗೇರು ಬದಲಿಸಿದ್ದು ಕಿವಿಗೆ ಕೇಳುತ್ತದೆ, ಮೈಗೆ ಗೊತ್ತಾಗುವುದಿಲ್ಲ. ಬಾಗಿಲು ಹಾಕಿದ ಸದ್ದೇ ಬೇರೆ. ಗಾಡಿಯನ್ನು ನಮ್ಮ ಮಿಸ್ತ್ರಿ ಹತ್ತಿರ ಒಯ್ದೆ. ಅವರು ಲಿಫ್ಟಿಗೆ ಹಾಕಿ ಕೆಳಗೆ ನಿಂತು ಬಹಳ ಹೊತ್ತು ನೋಡಿದರು.

“ಅಣ್ಣಾರೆ, ಗಾಡಿ ಓಡ್ಸಾಕೆ ಭಾಳ ಚಂದ ಐತ್ರಿ, ನಾ ಸುಳ್ಳ ಹೇಳಂಗಿಲ್ಲ. ಆದ್ರ ಈ ಗೇರ್‌ಬಾಕ್ಸಿಗೆ ಏನರ ಆದ್ರ ನಾ ಬಿಚ್ಚಂಗಿಲ್ರಿ. ಯೂನಿಟ್ಟೇ ತರ್ಸಬೇಕು, ಆಮ್ಯಾಲೆ ಕಂಪ್ಯೂಟರ್‌ನಾಗೆ ಕೋಡಿಂಗ್ ಮಾಡ್ಬೇಕು.”

“ಹಂಗಾದ್ರೆ ತಗಳೋದು ಬ್ಯಾಡ ಅಂತೀರಾ?”

“ಬ್ಯಾಡ ಅಂತ ನಾ ಯಾಕ ಅನ್ಲಿ? ನೀವು ಬೆಂಗ್ಳೂರಾಗೆ ಇದ್ದಿದ್ರೆ ತಗಳ್ರಿ ಅಂತಿದ್ದೆ.”

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗಾಡಿಯ ನಂಬಿಕೆ ಅನ್ನುವುದು ಕಂಪನಿಯ ಹೆಸರಿನ ಮೇಲೆ ಬರೆದಿರುವುದಿಲ್ಲ, ನೀವು ಇರುವ ಊರಿನಿಂದ ಅಳೆಯಬೇಕು. ಪೋಲೋದಲ್ಲಿರುವಂಥ ಒಣ ಕ್ಲಚ್ಚಿನ (ಎಣ್ಣೆಯಲ್ಲಿ ಮುಳುಗಿರದ) ಡ್ಯುಯಲ್ ಕ್ಲಚ್ ಡಬ್ಬಕ್ಕೆ ಬಿಸಿಯೇ ಶತ್ರು. ತೆವಳುವ ಟ್ರಾಫಿಕ್ಕಿನಲ್ಲಿ ಅರ್ಧ ಹಿಡಿದು ಅರ್ಧ ಬಿಡುತ್ತ ಹೋಗುವಾಗ ಅದು ಕಾಯುತ್ತದೆ. ಸುಗ್ಗಿಯಲ್ಲಿ ಮಲೇಬೆನ್ನೂರು ರಸ್ತೆಗೆ ಬಂದು ನೋಡಿ. ಮುಂದೆ ಭತ್ತ ಹೇರಿದ ಟ್ರ್ಯಾಕ್ಟರು, ಅದಕ್ಕೆ ಎರಡು ಟ್ರೇಲರು, ಎದುರಿಗೆ ಬಸ್ಸು. ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಎಷ್ಟೋ ದೂರ ಹೋಗಬೇಕು. ಜಗಳೂರು ಕಡೆ ಹೋದರೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರೆ. ಆ ಗಾಡಿಗೆ ಒಗ್ಗದ ಕೆಲಸವನ್ನೇ ನಾನು ದಿನವೂ ಕೊಡುವವನಿದ್ದೆ. ಮೇಲಾಗಿ ಪೋಲೋ 2022ರಲ್ಲಿ ಇಲ್ಲಿ ನಿಂತಿತು. ಸ್ಟೇರಿಂಗಿಗೆ ಹೆಸರಾದ ಫಿಗೋ ಕೂಡ ಒಂದು ಕಡಿಮೆ ಬೆಲೆಗೆ ಬಂದಿತ್ತು, ಆದರೆ ಫೋರ್ಡ್ 2021ರ ಸೆಪ್ಟೆಂಬರಿನಲ್ಲೇ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿದೆ. ಸ್ಪೇರ್ಸು ಕೊಡುತ್ತೇವೆ ಅಂದಿದ್ದಾರೆ, ಆದರೆ ನನಗೆ ಬೇಕಾದದ್ದು ಸಂಜೆಯೊಳಗೆ ಸಿಗುವ ಸ್ಪೇರ್ಸು.

ಇನ್ನು ಖುಷಿಯ ಲೆಕ್ಕ. ಇದನ್ನೂ ಬಿಚ್ಚಿ ನೋಡಿದೆ. ಪ್ರತಿ ಗಾಡಿ ಓಡಿಸಿ ಇಳಿದ ಕೂಡಲೇ, ಇನ್ನೂ ಮೈ ಬಿಸಿಯಿರುವಾಗಲೇ, ಯಾವ ಕ್ಷಣ ಚೆನ್ನಾಗಿತ್ತು ಅಂತ ಚೀಟಿಯಲ್ಲಿ ಬರೆದಿಟ್ಟೆ. ಆಮೇಲೆ ಓದಿದರೆ ಎದ್ದು ಕಂಡದ್ದು ಇದು: ತಿರುವಿನಲ್ಲಿ ಮೂತಿ ಥಟ್ಟನೆ ಒಳಗೆ ಬಂದದ್ದು, ಗೇರ್ ಲಿವರು ಚಿಕ್ಕ ಎಳೆತಕ್ಕೆ ಕೂತದ್ದು, ಕೂತಲ್ಲಿಂದ ಬಾನೆಟ್ಟಿನ ಅಂಚು ಕಂಡದ್ದು, ಬ್ರೇಕು ಕಾಲು ಒತ್ತಿದಷ್ಟೇ ಹಿಡಿದದ್ದು. ಇವು ಯಾವುದಕ್ಕೂ ಟರ್ಬೋ ಬೇಡ, ಎರಡು ಕ್ಲಚ್ಚು ಬೇಡ. ಕಡಿಮೆ ತೂಕ, ಸರಿಯಾದ ಸಸ್ಪೆನ್ಷನ್ನು, ಒಳ್ಳೆಯ ಟೈರು, ಮ್ಯಾನುಯಲ್ ಗೇರು ಸಾಕು. ಅಂದರೆ ನನಗೆ ಖುಷಿ ಕೊಡುವ ಸಾಮಾನುಗಳೆಲ್ಲ ಹೇಳಿ ಕೆಡುವ ರಾಶಿಯಲ್ಲೇ ಇದ್ದವು! ಹೇಳದೆ ಕೆಡುವ ರಾಶಿಯಿಂದ ಬರುತ್ತಿದ್ದದ್ದು ಓವರ್‌ಟೇಕಿನ ಆ ಐದಾರು ಸೆಕೆಂಡಿನ ಎಳೆತ ಮಾತ್ರ. ಅದು ಸುಳ್ಳು ಸುಖ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ರಸ್ತೆಯಲ್ಲಿ ಅದಕ್ಕೆ ಜಾಗ ಸಿಗುವುದೇ ಅಪರೂಪ.

ಇದು ಗೊತ್ತಾಗಬೇಕಾದರೆ ಟೆಸ್ಟ್ ಡ್ರೈವು ನಿಮ್ಮ ರಸ್ತೆಯಲ್ಲೇ ಆಗಬೇಕು. ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕೀಲಿ ವಾಪಸ್ ಕೇಳುವವರಿಗೆ ನಾನು ಒಪ್ಪಲಿಲ್ಲ, ಹದಡಿ ರಸ್ತೆ ಹಿಡಿಸಿದೆ. ಮೂರನೇ ಗೇರಿನಲ್ಲಿ 30ರಿಂದ ಪೂರ್ತಿ ಒತ್ತಿ ನೋಡುವುದು. ಮುಚ್ಚಿದ ಗುಂಡಿಯ ಮೇಲೆ 40ರಲ್ಲಿ ಹೋಗಿ ಸ್ಟೇರಿಂಗು ಕೈಯಲ್ಲಿ ಕುಣಿಯುತ್ತದೆಯೇ ನೋಡುವುದು. ಖಾಲಿ ರಸ್ತೆಯಲ್ಲಿ 60ರಿಂದ ಬ್ರೇಕು ಹಾಕುವುದು. ಹಿಂದಿನ ಸೀಟಿನಲ್ಲಿ ಅವ್ವ, ನನ್ನ ಹೆಂಡತಿ, ಮುಂದೆ ಮಗ.

ಸಿಟಿ ಸೋತದ್ದು ಇಲ್ಲೇ. ಎಂಜಿನ್ನಿನ ವಿಷಯದಲ್ಲಿ ಅದಕ್ಕೆ ನನ್ನ ನಮಸ್ಕಾರ. 1.5 ಲೀಟರು, ಟರ್ಬೋ ಇಲ್ಲದೆ 119 ಪಿಎಸ್ಸು ಶಕ್ತಿ, ಟೈಮಿಂಗ್ ಚೈನು, 6,000 ದಾಟಿದ ಮೇಲೂ ಹುಮ್ಮಸ್ಸಿನಿಂದ ತಿರುಗುತ್ತದೆ. ನಂಬಿಕೆ, ಖುಷಿ ಎರಡೂ ಒಂದೇ ಎಂಜಿನ್ನಿನಲ್ಲಿ ಬೇಕೆಂದರೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಗ್ರೌಂಡ್ ಕ್ಲಿಯರೆನ್ಸು 165 ಮಿಲಿಮೀಟರು, ಸ್ವಿಫ್ಟಿಗೆ 163. ಕಾಗದದ ಮೇಲೆ ಸಿಟಿಯೇ ಒಂದು ಕೈ ಮೇಲು. ಆದರೆ ವೀಲ್‌ಬೇಸು 2,600, ಸ್ವಿಫ್ಟಿನದು 2,450. ಹಳ್ಳಿಯವರು ತಾವೇ ಹಾಕಿಕೊಂಡ ಚೂಪು ಹಂಪಿನ ಮೇಲೆ ನಾಲ್ಕು ಜನ ಕೂತ ಗಾಡಿ ಹೋದಾಗ ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಆ ಎರಡು ಚಕ್ರದ ನಡುವಿನ ಅಂತರ ಹೆಚ್ಚಾದಷ್ಟೂ ಹೊಟ್ಟೆ ತಾಗುತ್ತದೆ. ತಾಗಿತು. ಅಡ್ಡಡ್ಡ ಹತ್ತಿಸಿದರೆ ಪಾರಾಗುತ್ತಿತ್ತು, ದಿನವೂ ಹಾಗೆ ಯಾರು ಹತ್ತಿಸುತ್ತಾರೆ? ಅವ್ವನಿಗೆ ಮೊಣಕಾಲು ನೋವು. “ಇದ್ರಾಗೆ ಕುಂತ್ರೆ ಬಾವ್ಯಾಗೆ ಕುಂತಂಗೆ ಆಗ್ತತಿ, ಏಳಾಕೇ ಬರಂಗಿಲ್ಲ” ಅಂದಳು. ಅಲ್ಲಿಗೆ ಮುಗಿಯಿತು.

ಸ್ವಿಫ್ಟಿನಲ್ಲಿ 90 ಪಿಎಸ್ಸು, ಟಾರ್ಕು 113 ಮಾತ್ರ. ಆದರೆ ಗಾಡಿಯ ತೂಕವೇ ಸುಮಾರು 900 ಕಿಲೋ. ಕಡಿಮೆ ತೂಕ ಎಳೆತಕ್ಕೆ, ತಿರುವಿಗೆ, ಬ್ರೇಕಿಗೆ, ಟೈರಿನ ಆಯುಸ್ಸಿಗೆ ಎಲ್ಲಕ್ಕೂ ಒಟ್ಟಿಗೆ ಲಾಭ ಕೊಡುತ್ತದೆ, ಮತ್ತು ತೂಕವಿಲ್ಲದಿರುವುದು ಎಂದೂ ಕೆಡುವ ಸಾಮಾನಲ್ಲ. ಸ್ವಿಫ್ಟ್ ಇಲ್ಲಿ 2005ರಿಂದ ಓಡುತ್ತಿದೆ, ಮಿಸ್ತ್ರಿಗಳ ಕೈಗೆ ಪಳಗಿದೆ. ಎಎಂಟಿ, ಅಂದರೆ ತಾನೇ ಗೇರು ಬದಲಿಸುವ ಮಾದರಿ, ನನಗೆ ಬೇಡವಾಗಿತ್ತು. ಗೇರು ಬದಲಾಗುವಾಗ ಮುಗ್ಗರಿಸಿದಂತಾಗುತ್ತದೆ, ಕ್ಲಚ್ಚು ಒತ್ತಲು ಒಂದು ಯಂತ್ರವೂ ಹೆಚ್ಚು.

ಯಾವ ವೇರಿಯಂಟು ಅನ್ನುವುದಕ್ಕೆ ಟೈರಿನ ಲೆಕ್ಕ ಹಾಕಿದೆ. ಟೈರಿನ ಮೇಲೆ ಬರೆದ ಮೊದಲ ಸಂಖ್ಯೆ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕೆಯ ಎತ್ತರ ಅನ್ನುವುದು. 165/80 ಆರ್14 ಅಂದರೆ 132 ಮಿಲಿಮೀಟರು ರಬ್ಬರು ರಿಮ್ಮಿಗೂ ನೆಲಕ್ಕೂ ನಡುವೆ ಇದೆ. 185/65 ಆರ್15ಗೆ 120. ನೋಡಲು ಚಂದವಾದ 195/55 ಆರ್16 ಹಾಕಿದರೆ 107. ಪಕ್ಕೆ ಎತ್ತರವಿದ್ದರೆ ಗುಂಡಿಗೆ ಬಿದ್ದಾಗ ಟೈರು ಉಳಿಯುತ್ತದೆ, ತಿರುವಿನಲ್ಲಿ ಮಾತ್ರ ಸ್ವಲ್ಪ ತೂಗಾಡುತ್ತದೆ. ನಾನು ನಡುವಿನ 120ರದ್ದನ್ನು ಆರಿಸಿಕೊಂಡೆ. ಇಡೀ ತೂಗಾಟದಲ್ಲಿ ನಂಬಿಕೆ–ಖುಷಿ ನಿಜವಾಗಿ ಎದುರುಬದುರಾಗಿ ನಿಂತದ್ದು ನನಗೆ ಕಂಡಂತೆ ಇದೊಂದೇ ಜಾಗದಲ್ಲಿ.

ಗಾಡಿ ಸಿಕ್ಕ ಮೇಲೆ ಬೆಳಿಗ್ಗೆಯೇ ಹೋದೆ, ಎಂಜಿನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಲು. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ವಾಪಸ್ ಬರುತ್ತಿದ್ದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ; ನಾಲ್ಕೂ ಟೈರು, ಸ್ಟೆಪ್ನಿ, ಗಾಡಿಯ ವರ್ಷಕ್ಕೆ ಹೊಂದಿದವು. ಮಿಸ್ತ್ರಿ ಸ್ಕ್ಯಾನರು ಹಾಕಿದರು, ಸರ್ವೀಸ್ ಬಿಲ್ಲುಗಳ ಕಿಲೋಮೀಟರು ಮೀಟರಿನದಕ್ಕೆ ತಾಳೆಯಾಯಿತು, ಆರ್‌ಸಿಯಲ್ಲಿ ಸಾಲದ ನಮೂದು ತೆಗೆದಿತ್ತು.

ಈಗಿನ ಓಡಾಟದಲ್ಲಿ ಕಂಡ ಕೊರತೆಯನ್ನೂ ಹೇಳಲೇಬೇಕು. ಡಿಕ್ಕಿ 268 ಲೀಟರು, ನನ್ನ ಸಲಕರಣೆ ಇಟ್ಟರೆ ಬ್ಯಾಗಿಗೆ ಜಾಗವಿಲ್ಲ. ಹೈವೇಯಲ್ಲಿ ಟೈರಿನ ಸದ್ದು ಒಳಗೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನ್, ಜುಲೈನಲ್ಲಿ ಭರಮಸಾಗರ ದಾಟಿ ದುರ್ಗದ ಕಡೆ ಹೊರಟರೆ ಪಡುವಣ ಗಾಳಿ ಹೈವೇಗೆ ಅಡ್ಡವಾಗಿ ಬೀಸುತ್ತದೆ. ಲಾರಿ ಪಕ್ಕದಲ್ಲಿರುವವರೆಗೆ ಗಾಡಿ ನೆಟ್ಟಗಿರುತ್ತದೆ, ಲಾರಿ ದಾಟಿದ ಕೂಡಲೇ ಒಂದು ತಳ್ಳು. ಎರಡೂ ಕೈ ಸ್ಟೇರಿಂಗಿನ ಮೇಲೇ ಇರಬೇಕು, ವೇಗ 80ಕ್ಕೆ ಇಳಿಸುತ್ತೇನೆ. ತಿರುವಿನಲ್ಲಿ ನನಗೆ ಖುಷಿ ಕೊಡುವ ಅದೇ ಕಡಿಮೆ ತೂಕ ಇಲ್ಲಿ ಬೆಲೆ ಕೇಳುತ್ತದೆ.

ಚಿತ್ರದುರ್ಗದಲ್ಲಿರುವ ನನ್ನ ಷಡ್ಡಕ ಇದೇ ಮೂರು ಪ್ರಶ್ನೆ, ಇದೇ ಚೀಟಿಯ ಪದ್ಧತಿ ಹಿಡಿದು ಸಿಟಿ ತಗೊಂಡರು. ಅವರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುತ್ತಾರೆ, ಒಂದು ಕಡೆಗೆ ಸುಮಾರು 200 ಕಿಲೋಮೀಟರು, ಪೂರ್ತಿ ಹೈವೇ; ಚೂಪು ಹಂಪು ಅವರ ದಾರಿಯಲ್ಲೇ ಇಲ್ಲ, ಸ್ಪೇರ್ಸು ಬೇಕಾದರೆ ಅಲ್ಲಿಂದಲೇ ತರುತ್ತಾರೆ, ಗಾಳಿಗೆ ಆ ತಗ್ಗಾದ, ಭಾರದ ಗಾಡಿ ಅಲುಗುವುದೂ ಕಡಿಮೆ. ಅವರ ಚೀಟಿ ನಾನು ಓದಿದ್ದೇನೆ. ಮೊದಲ ಸಾಲೇ ಹಿರಿಯೂರು ದಾಟಿದ ಮೇಲೆ ಐದನೇ ಗೇರಿನಲ್ಲಿ ಎಂಜಿನ್ನು ಸದ್ದಿಲ್ಲದೆ ಓಡುವುದರ ಬಗ್ಗೆ. ನನ್ನ ಚೀಟಿಯಲ್ಲಿ ಐದನೇ ಗೇರಿನ ಮಾತೇ ಇಲ್ಲ, ಎಲ್ಲ ಎರಡು, ಮೂರರದ್ದು.