ಎರಡು ಹಾಳೆ ಇಲ್ಲದ ಪುಸ್ತಕ

ನಾನು ಕೊಂಡ ಮೊದಲ ಎಂಬ್ಲೆಮ್ ಪುಸ್ತಕದಲ್ಲಿ ಎರಡು ಹಾಳೆ ಇರಲಿಲ್ಲ. ಅದು ಗೊತ್ತಾಗಿದ್ದು ದುಡ್ಡು ಕೊಟ್ಟು ಮೂರು ವಾರ ಆದಮೇಲೆ.

ಎಂಬ್ಲೆಮ್ ಅಂದರೆ ಮೇಲೊಂದು ಪುಟ್ಟ ತಲೆಬರಹ, ನಡುವೆ ಚಿತ್ರ, ಕೆಳಗೆ ಕೆಲವು ಸಾಲು ಪದ್ಯ. ಮೂರೂ ಸೇರಿದರೇನೇ ಅರ್ಥ. ಇಟಲಿಯ ಕಾನೂನು ಪಂಡಿತ ಆಂಡ್ರಿಯಾ ಅಲ್ಚಾತೋ ಬರೆದ ಲ್ಯಾಟಿನ್ ಪದ್ಯಗಳನ್ನು 1531ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನ ಮುದ್ರಕನೊಬ್ಬ ಚಿತ್ರ ಸೇರಿಸಿ ಅಚ್ಚು ಹಾಕಿದ. ಈ ಜಾತಿಯ ಪುಸ್ತಕ ಶುರುವಾಗಿದ್ದು ಅಲ್ಲಿಂದ. ಅಲ್ಚಾತೋನ ಒಂದು ಎಂಬ್ಲೆಮ್‌ನ ಚಿತ್ರದಲ್ಲಿ ಕುರುಡ ಕುಂಟನನ್ನು ಹೊತ್ತು ನಡೆಯುತ್ತಾನೆ. ಒಬ್ಬ ಕಣ್ಣು ಕೊಟ್ಟ, ಇನ್ನೊಬ್ಬ ಕಾಲು ಕೊಟ್ಟ ಅನ್ನುತ್ತದೆ ಪದ್ಯ. ನಮ್ಮಜ್ಜಿ ಹೇಳುತ್ತಿದ್ದ ಕಥೆಯೇ ಅಲ್ವಾ ಇದು! ನೆದರ್ಲೆಂಡ್ಸ್‌ನ ಲೈಡನ್ ಊರಿನ ಬಾಡಿಗೆ ಮನೆಯಲ್ಲಿ ಕೂತು ಅದನ್ನು ನೋಡಿದ ದಿನದಿಂದ ನನಗೆ ಈ ಹುಚ್ಚು ಹಿಡಿಯಿತು.

ಮೊದಲ ಮುದ್ರಣಗಳು ನಮ್ಮಂಥವರ ಕೈಗೆ ಸಿಗುವ ಮಾತಲ್ಲ. 17ನೇ ಶತಮಾನದಲ್ಲಿ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಅಲ್ಚಾತೋ, ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚೆಯಲ್ಲಿ ತರಿಸಿದೆ. ಮಾರಿದವರು ‘ಸಂಪೂರ್ಣ ಪ್ರತಿ’ ಅಂದಿದ್ದರು. ಆಗಿನ ಪುಸ್ತಕಗಳಲ್ಲಿ ಪುಟದ ಕೆಳಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದ ಇರುತ್ತದೆ. ಒಂದು ರಾತ್ರಿ ಓದುತ್ತಿದ್ದಾಗ ಆ ಪದಕ್ಕೂ ಮುಂದಿನ ಪುಟಕ್ಕೂ ತಾಳೆಯಾಗಲಿಲ್ಲ. ಹೊಲಿಗೆಯ ಹತ್ತಿರ ಬೆರಳಾಡಿಸಿದೆ. ಕೂದಲಿನಷ್ಟು ಕಾಗದ ಉಳಿದಿತ್ತು, ಅಂಚು ನೇರ. ಬ್ಲೇಡಿನಿಂದ ಕೊಯ್ದದ್ದು. ಯಾವುದೋ ಗೋಡೆಯ ಮೇಲೆ ಚೌಕಟ್ಟಿನೊಳಗೆ ಆ ಹಾಳೆಗಳು ಈಗಲೂ ತೂಗುತ್ತಿರಬಹುದು. ತುಂಬಾ ಸಂಕಟವಾಯಿತು.

ಆಮೇಲಿಂದ ಮೊದಲು ಹಾಳೆ ಎಣಿಸುತ್ತೇನೆ, ಚಿತ್ರ ನೋಡುವುದು ಆಮೇಲೆ. ಅಚ್ಚಾದ ದೊಡ್ಡ ಕಾಗದವನ್ನು ಮಡಚಿ ಮಾಡಿದ ಹಾಳೆಗಳ ಕಟ್ಟಿಗೆ ಮಡಿಕೆ ಅನ್ನುತ್ತೇನೆ. ಪ್ರತಿ ಮಡಿಕೆಯ ಮೊದಲ ಹಾಳೆಗಳ ಕೆಳಗೆ ಎ, ಎ2, ಎ3 ಅಂತ ಗುರುತು ಇರುತ್ತದೆ. ಆಗಿನ ಮುದ್ರಕರ ಲೆಕ್ಕದಲ್ಲಿ 23 ಅಕ್ಷರ ಮಾತ್ರ: ಐ ಆದಮೇಲೆ ನೇರ ಕೆ, ಡಬ್ಲ್ಯು ಇಲ್ಲ, ಯು-ವಿ ಎರಡಕ್ಕೂ ಒಂದೇ. ಮಡಿಕೆಗೆ 8 ಹಾಳೆಯಾದರೆ ಎ ಇಂದ ಝಡ್‌ವರೆಗೆ 184. ಇದು ಗೊತ್ತಿಲ್ಲದಿದ್ದರೆ ಜೆ ಮಡಿಕೆ ಕಳೆದುಹೋಗಿದೆ ಅಂತ ಸುಮ್ನೆ ಗಾಬರಿಯಾಗುತ್ತೀರಿ. ಟಾರ್ಚನ್ನು ಓರೆಯಾಗಿ ಹಿಡಿದೂ ನೋಡಿ. ತಾಮ್ರದ ತಗಡಿನಿಂದ ಅಚ್ಚೊತ್ತಿದ ಚಿತ್ರವಾದರೆ ಸುತ್ತ ಚೌಕಾಕಾರದ ತಗ್ಗು ಕಾಣುತ್ತದೆ. ಮರದಚ್ಚಿಗೆ ಅದಿಲ್ಲ, ಆದರೆ ಅಚ್ಚು ಸೀಳಿದ್ದರೆ ಗೆರೆಗಳ ನಡುವೆ ಸಣ್ಣ ಬಿಳಿ ಬಿರುಕು ಸಿಗುತ್ತದೆ. ಹುಳ ತಿಂದ ತೂತಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಬಿಡಿ ಹಾಳೆ ಮಾತ್ರ ಎಷ್ಟೇ ಅಗ್ಗವಾದರೂ ಕೊಳ್ಳುವುದಿಲ್ಲ. ನಾವು ಕೊಂಡಷ್ಟೂ ಬ್ಲೇಡಿಗೆ ಕೆಲಸ ಸಿಗುತ್ತದೆ. ಚಿತ್ರವೊಂದೇ ಎಂಬ್ಲೆಮ್ ಅಲ್ಲ ಅನ್ನುವುದಕ್ಕೆ ಇದೇ ಊರು ಸಾಕ್ಷಿ. 1586ರಲ್ಲಿ ಜೆಫ್ರಿ ವಿಟ್ನಿಯ ಇಂಗ್ಲಿಷ್ ಎಂಬ್ಲೆಮ್ ಪುಸ್ತಕ ಲೈಡನ್‌ನಲ್ಲೇ ಅಚ್ಚಾಯಿತು. ಪ್ಲಾಂಟಿನ್ ಮುದ್ರಣಾಲಯ ಮೊದಲೇ ಬೇರೆ ಪುಸ್ತಕಗಳಿಗೆ ಬಳಸಿದ್ದ ಮರದಚ್ಚುಗಳೇ ಬಹುಪಾಲು ಅದಕ್ಕೂ ಬಂದವು. ಚಿತ್ರ ಅದೇ, ಪದ್ಯ ಹೊಸದು.

ಆ ಹರಿದ ಅಲ್ಚಾತೋವನ್ನು ವಾಪಸ್ ಕಳಿಸಲಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯ ಅವನ 22 ಆವೃತ್ತಿಗಳನ್ನು ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿ ನೋಡಿಕೊಂಡು, ಕಳೆದುಹೋದ ಪದ್ಯಗಳನ್ನು ತೆಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಅಂಟು ಹಾಕದೆ ಆ ಜಾಗದಲ್ಲಿ ಇಟ್ಟಿದ್ದೇನೆ.