ಅರ್ಧ ಡಿಸ್ಕ್ ಖಾಲಿ, ಆದರೂ ಜಾಗ ಇಲ್ಲವಂತೆ!

ತುಮಕೂರಿನ ನಮ್ಮ ಮನೆಯಲ್ಲಿ ಅಜ್ಜಿಯ ಟ್ರಂಕಿನಲ್ಲಿದ್ದ ಹಳೇ ಫೋಟೊಗಳನ್ನು ಸ್ಕ್ಯಾನ್ ಮಾಡಿದೆ. ಯಾರು, ಯಾವ ಊರು ಎಂಬ ವಿವರವನ್ನು ಬೇರೆ ಫೈಲಿನಲ್ಲಿ ಬರೆದರೆ ಅದು ಒಂದಲ್ಲ ಒಂದು ದಿನ ಕಳೆದೇ ಹೋಗುತ್ತದೆ. ಹಾಗಾಗಿ ಲಿನಕ್ಸ್‌ನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಬಳಸಿದೆ. ಫೋಟೊದ ಬೆನ್ನಿಗೆ ಚೀಟಿ ಅಂಟಿಸಿದ ಹಾಗೆ, ಅದು ಫೈಲಿಗೇ ವಿವರವನ್ನು ಅಂಟಿಸಿಡುತ್ತದೆ.

ಗುಬ್ಬಿ ಮದುವೆಯ ಫೋಟೊವರೆಗೆ ಎಲ್ಲಾ ಸರಿಯಿತ್ತು. ಅಜ್ಜಿ ಅದರ ಬಗ್ಗೆ ಒಂದು ಗಂಟೆ ಮಾತಾಡಿದರು. ಟೈಪ್ ಮಾಡಿ ಅಂಟಿಸಲು ಹೋದರೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ಬಂತು. ಡಿಸ್ಕ್ ಅರ್ಧ ಖಾಲಿ. ಒಂದೊಂದು ಫೈಲಿನ ಲೆಕ್ಕ ಇಡುವ ಐನೋಡ್‌ಗಳೂ ಬೇಕಾದಷ್ಟಿದ್ದವು. ಡಿಸ್ಕೇ ಕೆಟ್ಟಿದೆ ಅಂದುಕೊಂಡು ಸುಮ್ನೆ ಒಂದು ಸಂಜೆ ಹಾಳು ಮಾಡಿದೆ.

ಕೊನೆಗೆ ಅಳೆದೇ ನೋಡಿದೆ. 4,000 ಬೈಟ್ ಹಿಡಿಸಿತು, 4,100 ಹಿಡಿಸಲಿಲ್ಲ. ನನ್ನ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಂ, ಇಎಕ್ಸ್‌ಟಿ4. ಅದು ಒಂದು ಫೈಲಿನ ಎಲ್ಲಾ ಚೀಟಿಗಳಿಗೂ ಸೇರಿಸಿ ಐನೋಡ್‌ನಲ್ಲಿ ಉಳಿದ ಚೂರು ಜಾಗ ಮತ್ತು ಒಂದೇ ಒಂದು ಬ್ಲಾಕ್ ಕೊಡುತ್ತದೆ. ಬ್ಲಾಕ್ ಎಂದರೆ ಸಾಮಾನ್ಯವಾಗಿ 4,096 ಬೈಟ್. ಲಿನಕ್ಸ್‌ನ ತಿರುಳಾದ ಕರ್ನಲ್ಲಿನ ಮಿತಿ ಬೇರೆ: ಒಂದು ಚೀಟಿಗೆ 65,536 ಬೈಟ್, ಅದರ ಹೆಸರಿಗೆ 255. 70 ಸಾವಿರ ಬೈಟ್ ಕೊಟ್ಟಾಗ ಬೈಗುಳವೂ ಬದಲಾಯಿತು, 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್' ಅಂತ! ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂನಲ್ಲಾದರೆ 64 ಕೆಬಿವರೆಗೂ ನಡೆಯುತ್ತದೆ. ಇಎಕ್ಸ್‌ಟಿ4ಗೂ ಕರ್ನಲ್ 4.13ರಿಂದ ದೊಡ್ಡ ಚೀಟಿಯನ್ನು ಬೇರೆ ಐನೋಡ್‌ನಲ್ಲಿಡುವ ಸೌಲಭ್ಯ ಬಂದಿದೆ. ಫೋಟೊಗಳಿರುವ ಡಿಸ್ಕಿನ ಮೇಲೆ ಆ ಪ್ರಯೋಗ ನನಗೆ ಬೇಡವೆನಿಸಿತು.

ಕನ್ನಡದವರಿಗೆ ಇನ್ನೊಂದು ಪೆಟ್ಟಿದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಗುರುತಿಗೂ 3 ಬೈಟ್. ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆಬೇರೆ ಲೆಕ್ಕ. 'ತುಮಕೂರು' ಎಂದರೆ 21 ಬೈಟ್. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' 18! ಇಂಗ್ಲಿಷಿನಲ್ಲಿ ಬರೆದಿದ್ದರೆ ಅಜ್ಜಿಯ ಕಥೆ ಹಿಡಿಸುತ್ತಿತ್ತೋ ಏನೋ. ಆದರೆ ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸುವವರು ಯಾರು?

ಈಗ ಚೀಟಿಯಲ್ಲಿ ಹೆಸರು, ಊರು ಮತ್ತು ಒಂದು ನಂಬರ್ ಮಾತ್ರ ಇಡುತ್ತೇನೆ. ಕಥೆ ಅದೇ ನಂಬರಿನ ಟೆಕ್ಸ್ಟ್ ಫೈಲಿನಲ್ಲಿ. ಬೇಡ ಅಂದಿದ್ದನ್ನೇ ಮಾಡಿದೆ, ಅಲ್ವಾ? ಅದೂ ಒಳ್ಳೆಯದೇ ಆಯಿತು. ಮೊನ್ನೆ ಚಿಕ್ಕಪ್ಪನಿಗೆ ಪೆನ್‌ಡ್ರೈವ್‌ನಲ್ಲಿ ಎಲ್ಲಾ ಕಾಪಿ ಮಾಡಿ ಕೊಟ್ಟೆ. ಅದರ ಫೈಲ್ ಸಿಸ್ಟಂ ಫ್ಯಾಟ್32, ಅಲ್ಲಿ ಚೀಟಿ ಅಂಟುವುದಿಲ್ಲ. ಚೀಟಿ ಒಂದೂ ಹೋಗಿರಲಿಲ್ಲ, ಕಥೆಗಳು ಮಾತ್ರ ತಲುಪಿದ್ದವು. ಓದಿದ ಚಿಕ್ಕಪ್ಪ ಫೋನ್ ಮಾಡಿ, "ಮದುಮಗನ ಪಕ್ಕ ನಿಂತಿರೋದು ನಾನಲ್ಲ ಕಣೋ, ನಿಮ್ಮಪ್ಪ" ಅಂದರು.