ಉಡುಪಿಯಿಂದ ಶೃಂಗೇರಿಗೆ ಸೈಕಲ್: ಆಗುಂಬೆ ಹತ್ತುವ ದಿನವನ್ನು ಹೇಗೆ ನಿಭಾಯಿಸಬೇಕು

ಕಾರವಾರದ ಕಡೆಯಿಂದ ಕರಾವಳಿ ಹಿಡಿದು ಬರುವ ಸೈಕಲ್ ಪ್ರವಾಸಿಗರು ಉಡುಪಿಯಲ್ಲಿ ತಂಗಿ, ಅಲ್ಲಿಂದ ಘಟ್ಟ ಹತ್ತಿ ಮಲೆನಾಡಿಗೆ ತಿರುಗುವುದುಂಟು. ಅವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಆಗುಂಬೆ ಘಾಟಿ ಹತ್ತಲು ಆಗುತ್ತದೆಯೇ? ಆಗುತ್ತದೆ. 14 ಹೇರ್‌ಪಿನ್ ತಿರುವುಗಳ ಆ ಘಾಟಿ ಇಡೀ ದಿನದ ಅತ್ಯಂತ ಪ್ರಾಮಾಣಿಕ ಭಾಗ. ಅಲ್ಲಿ ಏರು ಎಂದರೆ ಏರು. ಜನ ಸುಸ್ತಾಗಿ ಕೂರುವುದು ಅದಕ್ಕೆ ಮುಂಚಿನ 45 ಕಿ.ಮೀ. ಮತ್ತು ಅದರ ನಂತರದ 27 ಕಿ.ಮೀ. ದಾರಿಯಲ್ಲಿ. ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ಮೊದಲು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಆಸೆ ಬಿಡಿ. ಆಗುಂಬೆಯ ಮಳೆಯನ್ನು ವರ್ಣಿಸುವ ಅಗತ್ಯವಿಲ್ಲ. ರಸ್ತೆಯಂಚಿನ ಪಾಚಿ, ಮಂಜು, ಗುಡ್ಡದಿಂದ ಜಾರಿ ಬರುವ ಮಣ್ಣು, ಕಾಲಿಗೆ ಹತ್ತುವ ಇಂಬಳ, ಇವೆಲ್ಲ ಒಟ್ಟಿಗೆ ಎದುರಾಗುತ್ತವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯದು. ಮಾರ್ಚ್ ಬಂದರೆ ಕರಾವಳಿಯ ಸೆಕೆ ಹೆಬ್ರಿ ತಲುಪುವಷ್ಟರಲ್ಲೇ ನಿಮ್ಮನ್ನು ಹಿಂಡಿಬಿಡುತ್ತದೆ.

ಇನ್ನು ಸೈಕಲ್. ಘಟ್ಟಕ್ಕೆ ಬೇಕಾದದ್ದು ದುಬಾರಿ ಸೈಕಲ್ ಅಲ್ಲ, ಸಣ್ಣ ಗೇರು. ಮುಂದೆ ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದೆ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ.ಗಿಂತ ತುಸು ಹೆಚ್ಚು. ಬರಿಗೈಯಲ್ಲಿ ಬರುವವರಿಗೆ ಇದು ಸಾಕು. ಕ್ಯಾರಿಯರ್ ಮೇಲೆ ಎರಡು ಚೀಲ ತೂಗಿಸಿಕೊಂಡು ಬರುವವರಿಗೆ ಸಾಲದು. ಮುಂದೆ 26 ಹಲ್ಲಿನದು ಇರಲಿ, 22 ಸಿಕ್ಕರೆ ಇನ್ನೂ ಸುಖ. ಇಷ್ಟು ಸಣ್ಣ ಗೇರು ಹಾಕಿಸಿದರೆ ಅಂಗಡಿಯ ಹುಡುಗರು ನಗುತ್ತಾರೆ. ನಗಲಿ, ಐವತ್ತು ದಾಟಿದ ಮೊಣಕಾಲು ನನ್ನದು, ಅವರದಲ್ಲ.

ಹೊರೆಯನ್ನು ಹಿಂದಿನ ಸಂಜೆಯೇ ಮಂಚದ ಮೇಲೆ ಹರಡಿ ನೋಡಿ. ಸವಾರ, ಸೈಕಲ್, ಸಾಮಾನು, ನೀರು ಸೇರಿ ಸುಮಾರು 90 ಕೆ.ಜಿ. ಎಂದಿಟ್ಟುಕೊಳ್ಳಿ. ಒಂದು ಕೆ.ಜಿ. ಇಳಿಸಿದರೆ ಏರಿನ ಶ್ರಮದಲ್ಲಿ ಹತ್ತಿರ ಹತ್ತಿರ ನೂರಕ್ಕೊಂದು ಭಾಗ ಉಳಿಯುತ್ತದೆ. ಮೂರನೆಯ ಪ್ಯಾಂಟು, ಕರಾವಳಿಯಲ್ಲಿ ಕೊಂಡ ಸಾಮಾನು, ಓದದ ಪುಸ್ತಕ ಇವನ್ನೆಲ್ಲ ಉಡುಪಿಯಿಂದಲೇ ಅಂಚೆಯಲ್ಲಿ ಮನೆಗೆ ಕಳಿಸಿ. ಹೆಚ್ಚುವರಿ ಟ್ಯೂಬ್, ಪಂಕ್ಚರ್ ಸಾಮಾನು, ಪಂಪು, ಮಳೆಯಂಗಿ ಮಾತ್ರ ಎಲ್ಲಿಗೂ ಕಳಿಸುವಂತಿಲ್ಲ.

ಬೆಳಗ್ಗೆ ಆರಕ್ಕೆ ಮುಂಚೆ ಹೊರಡಿ. ಹೊರಟ ಸ್ವಲ್ಪ ಹೊತ್ತಿಗೇ ಮಣಿಪಾಲದ ಏರು ಎದುರಾಗುತ್ತದೆ. ಮೈ ಇನ್ನೂ ಬಿಸಿಯಾಗಿರುವುದಿಲ್ಲ, ಹುಮ್ಮಸ್ಸು ಮಾತ್ರ ಉಕ್ಕುತ್ತಿರುತ್ತದೆ. ಈ ಏರನ್ನು ಎದ್ದು ನಿಂತು ತುಳಿದು ಹತ್ತುವವರನ್ನು ನೋಡಿದರೆ ಮಧ್ಯಾಹ್ನ ಅವರು ಎಲ್ಲಿ ಕೂತಿರುತ್ತಾರೆ ಎಂದು ಹೇಳಬಲ್ಲೆ. ಕೂತೇ ಹತ್ತಿ. ಮಣಿಪಾಲ ದಾಟಿ ಪರ್ಕಳ, ಹಿರಿಯಡಕ, ಪೆರ್ಡೂರು, ಹೆಬ್ರಿ. ಇಲ್ಲಿ ದಾರಿ ಕೆಂಪು ಮುರಕಲ್ಲಿನ ದಿಣ್ಣೆ ಹತ್ತಿ ಹೊಳೆಗೋ ಗದ್ದೆಗೋ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಒಂದೊಂದು ಏರೂ ಚಿಕ್ಕದು. ಚಿಕ್ಕದೆಂಬ ಕಾರಣಕ್ಕೇ ಎಲ್ಲರೂ ಗೇರು ಇಳಿಸದೆ ದಬಾಯಿಸಿ ಹತ್ತಿಬಿಡುತ್ತಾರೆ. ಇಂಥವು ಹತ್ತಾರು ಕಳೆದಾಗ ತೊಡೆಯಲ್ಲಿ ಏನು ಉಳಿದಿರುತ್ತದೆ? ಇಳಿಜಾರು ಮುಗಿದು ಏರು ಶುರುವಾಗುವ ಮುಂಚೆಯೇ ಗೇರು ಬದಲಿಸಿ. ಪೂರ್ತಿ ಭಾರ ಬಿದ್ದ ಮೇಲೆ ಬದಲಿಸಲು ಹೋದರೆ ಚೈನ್ ಕಟಕಟ ಎಂದು ಹಾರುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಜೊತೆಗೆ ಬಂದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ಉಸಿರು ಸದಾ ಇರಬೇಕು. ಹೆಬ್ರಿಯವರೆಗೆ ನನ್ನ ನಿಯಮ ಅಷ್ಟೇ.

ತಿನ್ನುವುದನ್ನು ಹಸಿವಾಗುವವರೆಗೆ ಮುಂದೂಡಬೇಡಿ. ಹೊರಡುವ ಮುಂಚೆ ಎರಡು ಬನ್ಸ್ ಅಥವಾ ಒಂದು ತಟ್ಟೆ ಅವಲಕ್ಕಿ, ಆಮೇಲೆ ಮುಕ್ಕಾಲು ಗಂಟೆಗೊಮ್ಮೆ ಬಾಯಾಡಿಸಲು ಏನಾದರೂ. ಪೆರ್ಡೂರಿನ ಅನಂತಪದ್ಮನಾಭನಿಗೆ ಬಾಳೆಹಣ್ಣಿನ ಹರಕೆ ಸಲ್ಲುತ್ತದೆ, ಹಾಗಾಗಿ ಆ ಊರಿನಲ್ಲಿ ಹಣ್ಣಿಗೆ ಬರವಿಲ್ಲ. ಒಂದು ಚಿಪ್ಪು ಕೊಂಡು ಎರಡು ಅಲ್ಲೇ ತಿಂದು ಉಳಿದದ್ದನ್ನು ಚೀಲದ ಒಳಗೆ ಇಡಿ. ಹ್ಯಾಂಡಲ್‌ಗೆ ನೇತುಹಾಕಬೇಡಿ, ಕಾರಣ ಮುಂದೆ ಹೇಳುತ್ತೇನೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುರಿದು ಹೋಗುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿಯುತ್ತಾ ಹೋದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಉಪ್ಪು ಬೆರೆಸಿದ ಪುನರ್ಪುಳಿ ಪಾನಕ, ಯಾವುದು ಸಿಕ್ಕರೆ ಅದು.

ಹೆಬ್ರಿಯಲ್ಲಿ ಎರಡನೆಯ ತಿಂಡಿ. ಬಿಸಿಲು ಏರುತ್ತಿದೆಯೆಂದು ಇದನ್ನು ಬಿಟ್ಟು ಓಡುವವರಿದ್ದಾರೆ, ಓಡಬೇಡಿ. ಹೆಬ್ರಿ ದಾಟಿದ ಮೇಲೆ ಕಾಡು ಶುರು. ಸೀತಾನದಿ ಕಳೆದು ಸೋಮೇಶ್ವರದವರೆಗೆ ನೆರಳಿನ ದಾರಿ, ಸುಖವಾಗಿದೆ. ಸೋಮೇಶ್ವರದಲ್ಲಿ ಸೈಕಲ್ ನಿಲ್ಲಿಸಿ ಮೂರು ಕೆಲಸ ಮಾಡಿ: ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ತುಂಬಿಸಿಕೊಳ್ಳಿ, ಎರಡೂ ಬ್ರೇಕ್ ಹಿಡಿದು ನೋಡಿ, ಹಿಂದಿನ ಕೆಂಪು ದೀಪ ಹಾಕಿ. ಮುಂದೆ ಘಾಟಿಯೊಳಗೆ ಅಂಗಡಿಯೇ ಇಲ್ಲವೆಂದು ಲೆಕ್ಕ ಹಾಕಿ. ಮೈ ಸರಿಯಿಲ್ಲವೆನಿಸಿದರೆ ಇಲ್ಲಿಯೇ ಗೂಡ್ಸ್ ಆಟೊ ವಿಚಾರಿಸಿ. ಅದರಲ್ಲಿ ನಾಚಿಕೆಯೇನೂ ಇಲ್ಲ, ಪ್ರವಾಸ ಇನ್ನೂ ಬಾಕಿ ಇದೆ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅದರಲ್ಲಿ ಹೆಚ್ಚಿನ ಪಾಲನ್ನು ಸೋಮೇಶ್ವರದಿಂದ ಮೇಲಿನ ಹತ್ತು ಕಿ.ಮೀ.ಯಲ್ಲೇ ಗಳಿಸಬೇಕು. ಈಗ ಒಂದು ಲೆಕ್ಕ. ಹತ್ತು ಕಿ.ಮೀ.ಯನ್ನು ಗಂಟೆಗೆ 7 ಕಿ.ಮೀ.ಯಂತೆ ಹತ್ತಿದರೆ ಒಂದು ಗಂಟೆ 26 ನಿಮಿಷ. 10 ಕಿ.ಮೀ.ಯಂತೆ ಹತ್ತಿದರೆ ಒಂದು ಗಂಟೆ. ಉಳಿದದ್ದು 26 ನಿಮಿಷ. ಏರಿನಲ್ಲಿ ಗಾಳಿಯ ತಡೆ ಲೆಕ್ಕಕ್ಕಿಲ್ಲ, ವೇಗ ಹೆಚ್ಚಿದಷ್ಟೇ ಕಾಲಿನ ಶಕ್ತಿಯೂ ಹೆಚ್ಚು ಬೇಕು. ಅಂದರೆ ಆ 26 ನಿಮಿಷಕ್ಕಾಗಿ ನೀವು ಪ್ರತಿ ಕ್ಷಣವೂ ನೂರಕ್ಕೆ ನಲವತ್ತು ಪಾಲು ಹೆಚ್ಚು ಬಲ ಹಾಕಿರುತ್ತೀರಿ. ಮೇಲೆ ಹೋಗಿ ಆ 26 ನಿಮಿಷದಲ್ಲಿ ಮಾಡುವುದೇನು? ಏದುಸಿರು ಬಿಡುವುದು. ಮೊದಲ ಎರಡು ಕಿ.ಮೀ. ‘ಇಷ್ಟು ನಿಧಾನವೇ’ ಎಂದು ನಿಮಗೇ ಮುಜುಗರವಾಗಬೇಕು. ಆಗ ವೇಗ ಸರಿಯಾಗಿದೆ ಎಂದರ್ಥ.

ತಿರುವುಗಳಲ್ಲಿ ಎರಡು ಜಾತಿ. ನಾವು ರಸ್ತೆಯ ಎಡಬದಿಯವರು, ಹಾಗಾಗಿ ಬಲಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನಮ್ಮದು ಹೊರಬದಿ. ದಾರಿ ಉದ್ದ, ಏರು ಸೌಮ್ಯ, ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಎಡಕ್ಕೆ ತಿರುಗುವಲ್ಲಿ ನಮ್ಮದು ಒಳಬದಿ. ಅಲ್ಲಿ ರಸ್ತೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ತಿರುವಿಗೆ ಇಪ್ಪತ್ತು ಮಾರು ಇರುವಾಗಲೇ ಅತಿ ಸಣ್ಣ ಗೇರಿಗೆ ಬನ್ನಿ. ಮೇಲಿನಿಂದ ಯಾವ ವಾಹನವೂ ಬರುತ್ತಿಲ್ಲವೆಂದು ಕಣ್ಣು, ಕಿವಿ ಎರಡರಿಂದಲೂ ಖಾತ್ರಿಯಾದರೆ ಒಳ ಅಂಚು ಬಿಟ್ಟು ತುಸು ನಡುವಿಗೆ ಸರಿದು ಹತ್ತಿ. ಸಂಶಯವಿದ್ದರೆ ಇಳಿದು ನಿಂತು ದಾರಿ ಬಿಡಿ. ಈ ಘಾಟಿಯಲ್ಲಿ ದೊಡ್ಡ ಬಸ್ಸು, ಭಾರಿ ಲಾರಿಗಳಿಗೆ ಅವಕಾಶವಿಲ್ಲದಿರುವುದು ನಮ್ಮ ಪುಣ್ಯ. ಆದರೆ ಮಿನಿ ಬಸ್ಸಿನ ಚಾಲಕರು ತಿರುವನ್ನು ಪೂರ್ತಿ ಬಳಸಿಕೊಂಡೇ ಇಳಿಯುತ್ತಾರೆ. ಹಾರ್ನ್ ಕೇಳಿದರೆ ಗೌರವ ಕೊಡಿ. ಒಮ್ಮೆ ಒಬ್ಬ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಲೇ, “ಮೇಡಂ, ಮನೆಯಲ್ಲಿ ಸ್ಕೂಟರ್ ಇಲ್ಲವೇ?” ಎಂದು ಕೇಳಿದ. ಇದೆ ಎಂದೆ. ಅವನಿಗೆ ಇನ್ನೂ ಗೊಂದಲವಾಯಿತು.

ನಿಲ್ಲುವುದು ಸುಲಭ, ಏರಿನಲ್ಲಿ ಮತ್ತೆ ಹೊರಡುವುದು ಕಲಿಯಬೇಕಾದ ವಿದ್ಯೆ. ಹೊರೆ ಇರುವ ಸೈಕಲ್‌ನ ಮೂತಿ ಮೇಲಕ್ಕಿದ್ದರೆ ಮೊದಲ ತುಳಿತಕ್ಕೇ ಅಡ್ಡಾಡಿ ಚರಂಡಿಗೆ ಹೋಗುತ್ತದೆ. ಆದ್ದರಿಂದ ರಸ್ತೆ ಖಾಲಿಯಾಗುವವರೆಗೆ ಕಾದು, ಸೈಕಲ್ಲನ್ನು ಏರಿಗೆ ಓರೆಯಾಗಿ ನಿಲ್ಲಿಸಿ. ಎರಡೂ ಬ್ರೇಕ್ ಬಿಗಿಹಿಡಿಯಿರಿ. ಬಲ ಪೆಡಲನ್ನು ಗಡಿಯಾರದ ಮುಳ್ಳು ಎರಡರಲ್ಲಿರುವ ಜಾಗಕ್ಕೆ ತಂದು ಪಾದ ಇಡಿ. ಬ್ರೇಕ್ ಬಿಡುತ್ತಲೇ ಇಡೀ ಮೈಭಾರ ಆ ಪೆಡಲ್ ಮೇಲೆ ಹಾಕಿ ಸೀಟಿಗೇರಿ. ಎಡಗಾಲು ಪೆಡಲ್ ಹುಡುಕುತ್ತಾ ತಡಕಾಡಬಾರದು, ಬಲಗಾಲು ಕೆಳಗಿಳಿಯುವಷ್ಟರಲ್ಲಿ ಅದು ಸಿಕ್ಕಿರಬೇಕು. ಎರಡು ಸುತ್ತು ತುಳಿದ ಮೇಲೆ ಮೂತಿಯನ್ನು ಮೇಲಕ್ಕೆ ತಿರುಗಿಸಿ. ಇದನ್ನು ನಿಮ್ಮೂರಿನ ಯಾವುದಾದರೂ ದಿಣ್ಣೆಯ ಮೇಲೆ ಚೀಲ ಸಮೇತ ಅಭ್ಯಾಸ ಮಾಡಿ ಬನ್ನಿ. ವೇಗ ಗಂಟೆಗೆ 5 ಕಿ.ಮೀ.ಗಿಂತ ಕೆಳಗಿಳಿದು ಹ್ಯಾಂಡಲ್ ತೂರಾಡತೊಡಗಿದರೆ ತಳ್ಳಿಕೊಂಡು ನಡೆಯಿರಿ. ನಡಿಗೆಯಲ್ಲಿ ಬೇರೆ ಸ್ನಾಯುಗಳು ದುಡಿಯುತ್ತವೆ, ದಣಿದವಕ್ಕೆ ಬಿಡುವು ಸಿಗುತ್ತದೆ.

ಮಂಗಗಳು ಇರುವಲ್ಲಿ ನಿಲ್ಲಬೇಡಿ. ಕಾರಿನವರು ತಿಂಡಿ ಎಸೆದು ಎಸೆದು ಅವುಗಳನ್ನು ಕೆಡಿಸಿದ್ದಾರೆ. ಗೆಳತಿಯೊಬ್ಬಳ ಹ್ಯಾಂಡಲ್ ಚೀಲವನ್ನು ಒಂದು ಗಡವ ತೆರೆದದ್ದು ನನ್ನ ಕಣ್ಣೆದುರೇ: ಹರಿಯಲಿಲ್ಲ, ಕಚ್ಚಲಿಲ್ಲ, ಜಿಪ್ಪಿನ ತುದಿ ಹಿಡಿದು ಎಳೆಯಿತು. ಚಿಕ್ಕಿಯ ಪೊಟ್ಟಣ ತೆಗೆದುಕೊಂಡು ತಡೆಗೋಡೆಯ ಮೇಲೆ ಕೂತು ಕಾಗದ ಬಿಡಿಸಿತು. ನೋಟಕ್ಕೆ ನೋಟ ಕೊಡದೆ, ಹಲ್ಲು ಕಿರಿಯದೆ ತುಳಿಯುತ್ತಾ ಮುಂದೆ ಸಾಗಿ.

ಮೇಲೆ ಬಂದ ಮೇಲೆ ಸೂರ್ಯಾಸ್ತದ ಕಟ್ಟೆಯಲ್ಲಿ ಚಿತ್ರ ತೆಗೆದುಕೊಳ್ಳಿ, ತಪ್ಪೇನಿಲ್ಲ. ಸೂರ್ಯಾಸ್ತಕ್ಕೆ ಕಾಯುವುದಾದರೆ ಮಾತ್ರ ಆಗುಂಬೆಯಲ್ಲೇ ಉಳಿಯಿರಿ. ಕತ್ತಲಲ್ಲಿ ಕಾಡಿನ ರಸ್ತೆ ಸೈಕಲ್ಲಿಗೆ ಹೇಳಿಸಿದ್ದಲ್ಲ. ಊರಿನಲ್ಲಿ ಊಟ ಮಾಡಿ, ಒದ್ದೆ ಅಂಗಿ ಬದಲಿಸಿ, ಒಂದು ಲೋಟ ಕಷಾಯ ಕುಡಿದು, ಒಂದು ಗಂಟೆ ಪೂರ್ತಿ ಕೂರಿ. ಏಕೆಂದರೆ ದಿನ ಮುಗಿದಿಲ್ಲ. ಆಗುಂಬೆ, ಶೃಂಗೇರಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಅದನ್ನು ನೋಡಿ ಮಟ್ಟಸ ದಾರಿ ಎಂದುಕೊಂಡರೆ ಕೆಟ್ಟಿರಿ. ಬೇಗಾರು ಕಡೆಯ ಈ ರಸ್ತೆ ಅಡಿಕೆ ತೋಟಕ್ಕೆ ಇಳಿಯುತ್ತದೆ, ಗುಡ್ಡಕ್ಕೆ ಹತ್ತುತ್ತದೆ, ಮತ್ತೆ ತೋಟಕ್ಕೆ ಇಳಿಯುತ್ತದೆ. ಬೆಳಗ್ಗೆ ಹಿರಿಯಡಕದಲ್ಲಿ ಬಲ ಉಳಿಸಿದವರಿಗೆ ಇದು ಮಲೆನಾಡಿನ ಅತಿ ಚೆಂದದ ಸೈಕಲ್ ದಾರಿ. ಉಳಿಸದವರಿಗೆ ಶಿಕ್ಷೆ. ಮೊಣಕಾಲಿನ ಮುಂಭಾಗ ನೋಯತೊಡಗಿದ್ದರೆ ಸೀಟು ತಗ್ಗಾಗಿರಬಹುದು ಅಥವಾ ದೊಡ್ಡ ಗೇರು ತುಳಿಯುತ್ತಿದ್ದೀರಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ಒತ್ತಿದಾಗ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ.

ಇದೇ ದಾರಿಯನ್ನು ತಿರುಗಾಮುರುಗಾ ಮಾಡಿ ಆಗುಂಬೆ ಇಳಿಯುವವರಿಗೆ ಒಂದು ಮಾತು: ಬ್ರೇಕನ್ನು ಹಿಡಿದೇ ಇಳಿಯಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಒತ್ತಿ ವೇಗ ತಗ್ಗಿಸಿ, ತಿರುವಿನೊಳಗೆ ಬಿಡಿ. ನಡುನಡುವೆ ನಿಲ್ಲಿಸಿ ರಿಮ್ ತಣಿಯಲು ಬಿಡಿ.

ನಾಲ್ಕು ಗಂಟೆಯ ಹೊತ್ತಿಗೆ ಶೃಂಗೇರಿ ಸೇರಿದರೆ ಬೆಳಕಿರುವಾಗಲೇ ಚೈನ್ ಒರೆಸಿ ಎಣ್ಣೆ ಬಿಡಬಹುದು, ಬ್ರೇಕ್ ರಬ್ಬರಿನಲ್ಲಿ ಸಿಕ್ಕಿಕೊಂಡ ಮರಳು ಕೆರೆದು ತೆಗೆಯಬಹುದು. ಬಟ್ಟೆ ಒಗೆದು ಹಾಕಿ, ಆದರೆ ಮಲೆನಾಡಿನಲ್ಲಿ ಅದು ಬೆಳಗಾಗುವುದರೊಳಗೆ ಒಣಗುವ ಭರವಸೆ ಬೇಡ. ಆಮೇಲೆ ತುಂಗೆಯ ದಂಡೆಗೆ ಹೋಗಿ ಮೀನು ನೋಡುತ್ತಾ ಕೂತರೆ ಕಾಲಿಗೂ ಆರಾಮ. ಮರುದಿನ ಎತ್ತ ಹೊರಟರೂ ಐವತ್ತು ಕಿ.ಮೀ. ಒಳಗೇ ಇರಲಿ, ಏಕೆಂದರೆ ಕೊಪ್ಪದ ಕಡೆಗೂ ತೀರ್ಥಹಳ್ಳಿಯ ಕಡೆಗೂ ಮಟ್ಟಸ ರಸ್ತೆ ಇಲ್ಲ.